ಹೌನ್ಸ್ಲೋದಲ್ಲಿ ಎಂಬತ್ತೆಂಟು ಸ್ವರಗಳು

ಹುಟ್ಟಿದ ಸ್ವರ ಸಾಯಲೇಬೇಕು. ಬಲ್ಲವರು ಅದಕ್ಕಾಗಿ ಶೋಕಿಸುವುದಿಲ್ಲ. ಬಲ್ಲವರು ಯಾರೂ ಲಂಡನ್ನಿನ ವಿಮಾನ ನಿಲ್ದಾಣದ ಮಗ್ಗುಲಿನ ಈ ಹೌನ್ಸ್ಲೋದಲ್ಲಿ ಮನೆ ಮಾಡಿದಂತೆ ಕಾಣುವುದಿಲ್ಲ. ಇಲ್ಲಿ ಸ್ವರವೊಂದು ಮರ್ಯಾದೆಯಿಂದ ಸಾಯಲು ಹೊರಟರೆ, ಅದರ ಕೊನೆಯುಸಿರಿಗೆ ಸರಿಯಾಗಿ ನೆತ್ತಿಯ ಮೇಲೊಂದು ವಿಮಾನ ಚಕ್ರ ಇಳಿಸಿಕೊಂಡು ಹಾದುಹೋಗುತ್ತದೆ.

ನಾನು ಪಿಯಾನೋ ಶ್ರುತಿ ಮಾಡುವವನು. ಧಾರವಾಡದಲ್ಲಿ ಹಾರ್ಮೋನಿಯಂ ಬಿಚ್ಚಿ ಕಲಿತ ಕಿವಿಯನ್ನು ಈ ಊರಿನ ಪಿಯಾನೋಗಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ನನ್ನ ಚರಿತ್ರೆ ಅಷ್ಟೇ. ಶಾಲೆ, ಚರ್ಚು, ಸ್ಟುಡಿಯೋ, ಎಲ್ಲಿಂದ ಕರೆ ಬಂದರೂ ಕ್ವೀನ್ಸ್‌ಬರಿಯ ಮನೆಯಿಂದ ಟ್ಯೂಬ್ ರೈಲು ಹತ್ತಿ ಹೋಗುತ್ತೇನೆ. ಈ ವೃತ್ತಿಯ ದೊಡ್ಡ ಸುಖವೆಂದರೆ ಸಂಗೀತಗಾರರು ಬರುವ ಮೊದಲೇ ಜಾಗ ಖಾಲಿ ಮಾಡಬಹುದು. ಹೌನ್ಸ್ಲೋದ ಆ ವಾರ ಮಾತ್ರ ಆ ಸುಖ ಸಿಗಲಿಲ್ಲ.

ಕರೆ ಮಾಡಿದವರು ಅಲ್ಲಿನ ಸ್ಟುಡಿಯೋ ಒಂದರ ಮ್ಯಾನೇಜರ್. ಬಜ್ಪೆ ಕಡೆಯ ಕ್ರಿಶ್ಚಿಯನ್ ಹೆಂಗಸು. ಮನೆಯಲ್ಲಿ ಕೊಂಕಣಿ, ಮಕ್ಕಳ ಜೊತೆ ಇಂಗ್ಲಿಷ್, ನನ್ನ ಜೊತೆ ಮಂಗಳೂರು ಕನ್ನಡ. ನನ್ನನ್ನು ಮಾಸ್ಟ್ರು ಎನ್ನುತ್ತಾರೆ. ನಾನು ಯಾರಿಗೂ ಏನೂ ಕಲಿಸಿದವನಲ್ಲವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

"ಮಾಸ್ಟ್ರೇ, ಬರುವ ವಾರ ಪೂರ್ತಿ ನೀವು ನಮಗೆ ಬೇಕು. ಜಪಾನಿನವರು ಬರ್ತಾರೆ. ಹಾಡುವವಳು ಅಲ್ಲಿ ದೊಡ್ಡ ಜನ ಅಂತೆ. ಇಷ್ಟು ವರ್ಷ ಬರೀ ಪಿಯಾನೋ ಇಟ್ಕೊಂಡು ಮೆಲ್ಲ ಮೆಲ್ಲ ಅಳುವ ಹಾಡು ಹಾಡಿದ್ದು. ಈಗ ಕುಣಿಯುವ ಹಾಡಿನ ಆಲ್ಬಂ ಮಾಡ್ಲಿಕ್ಕೆ ಲಂಡನಿಗೇ ಬರುವುದು."

"ಕುಣಿಯೂ ಹಾಡಿಗೆ ಪಿಯಾನೋ ಯಾಕ ಬೇಕು ತಂಗೀ?"

"ನುಡಿಸ್ಲಿಕ್ಕೆ ಅಲ್ಲ ಮಾರಾಯ್ರೆ. ಒಂದೊಂದೇ ಕೀ ಒತ್ತಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕುವುದಂತೆ. ಆಮೇಲೆ ಕಂಪ್ಯೂಟರೇ ನುಡಿಸ್ತದೆ. ಶ್ರುತಿ ಒಂಚೂರು ಆಚೀಚೆ ಆಗ್ಬಾರ್ದು, ಅದಕ್ಕೆ ನೀವು ಪಕ್ಕದಲ್ಲೇ ಕೂರ್ಬೇಕು."

ಈ ಕೆಲಸವನ್ನು ನಾನು ಮೊದಲೂ ಕಂಡಿದ್ದೆ. ಪಿಯಾನೋಗೆ ಎಂಬತ್ತೆಂಟು ಕೀ. ಒಂದನ್ನು ಒತ್ತಬೇಕು, ಅದು ಪೂರ್ತಿ ಸಾಯುವವರೆಗೆ ಕೋಣೆಯಲ್ಲಿ ಯಾರೂ ಉಸಿರಾಡಬಾರದು, ಆಮೇಲೆ ಮುಂದಿನದು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ, ಏಕೆಂದರೆ ಗಟ್ಟಿಯಾಗಿ, ಮಧ್ಯಮವಾಗಿ, ಮೆಲ್ಲಗೆ ಎಂದು ಪ್ರತಿಯೊಂದು ಸ್ವರಕ್ಕೂ ಮೂರು ಪದರ ಬೇಕು. ಮೂರೂ ಒಳಗೆ ಹೋದ ಮೇಲೆ ಕಂಪ್ಯೂಟರು ಅವನ್ನು ಬೇಕಾದಂತೆ ಪೋಣಿಸಿಕೊಳ್ಳುತ್ತದೆ. ಮನುಷ್ಯನ ಪಾತ್ರ ಅಲ್ಲಿಗೆ ಸಮಾಪ್ತಿ.

ಬಂದವರು ಮೂವರು. ಹಾಡುವಾಕೆ ಐವತ್ತರ ಹತ್ತಿರದವರು. ಮಾತು ಕಡಿಮೆ, ಅದೂ ಮೆತ್ತಗೆ. ಅವರ ಜೊತೆ ಮೊದಲಿನಿಂದಲೂ ಪಿಯಾನೋ ನುಡಿಸುತ್ತ ಬಂದ ಹಿರಿಯ ವಾದಕರು. ಬೂದು ಕೋಟು, ಎರಡೂ ಕೈ ಸದಾ ಕೋಟಿನ ಜೇಬಿನಲ್ಲಿ. ಯೌವನದಲ್ಲಿ ಹಡಗಿನ ಬ್ಯಾಂಡಿನಲ್ಲಿದ್ದವರಾದ್ದರಿಂದ ಇಂಗ್ಲಿಷ್ ಚೆನ್ನಾಗಿತ್ತು, ನನ್ನದಕ್ಕಿಂತ ಸ್ವಚ್ಛವಾಗಿತ್ತು. ಮೂರನೆಯವನು ಲಂಡನ್ನಿನವನೇ, ಪ್ರೊಡ್ಯೂಸರ್. ಡ್ಯಾನ್ಸ್ ಹಾಡುಗಳಲ್ಲಿ ಹೆಸರು ಮಾಡಿದವನು. ಒಳ್ಳೆಯ ಮನುಷ್ಯ, ಆದರೆ ಮೌನವಾಗಿರುವಾಗಲೂ ಮೊಣಕಾಲು ತಾಳ ಹಾಕುತ್ತಿತ್ತು.

ಮೊದಲ ಬೆಳಿಗ್ಗೆಯೇ ಎರಡು ದ್ವೀಪರಾಷ್ಟ್ರಗಳ ನಡುವೆ ಭಿನ್ನಾಭಿಪ್ರಾಯ ಹುಟ್ಟಿತು. ನಾನು ಇಲ್ಲಿನ ರೂಢಿಯಂತೆ ಪಿಯಾನೋವನ್ನು ಸೆಕೆಂಡಿಗೆ ನಾನೂರ ನಲವತ್ತು ಕಂಪನಕ್ಕೆ ಶ್ರುತಿ ಮಾಡಿಟ್ಟಿದ್ದೆ. ಜಪಾನಿನಲ್ಲಿ ನಾನೂರ ನಲವತ್ತೆರಡು. ವ್ಯತ್ಯಾಸ ಸಾಸಿವೆಯಷ್ಟು; ಸಾಮಾನ್ಯ ಕಿವಿಗೆ ಗೊತ್ತೂ ಆಗದು. ವಾದಕರು ಒಂದು ಕೀ ಒತ್ತಿ, ತಲೆ ಓರೆ ಮಾಡಿ, ಹಾಡುವಾಕೆಯ ಮುಖ ನೋಡಿದರು.

"ನಮ್ಮ ಹಳೆಯ ಆಲ್ಬಂಗಳೆಲ್ಲ ನಲವತ್ತೆರಡರಲ್ಲಿವೆ," ಎಂದರು ಆಕೆ.

"ಇದು ಹೊಸ ಆಲ್ಬಂ ಅಲ್ವಾ?" ಎಂದ ಪ್ರೊಡ್ಯೂಸರ್. "ಕ್ಲಬ್ಬುಗಳಲ್ಲಿ ಒಂದು ಹಾಡಿನ ಮೇಲೆ ಇನ್ನೊಂದು ಹಾಡು ಹಾಕ್ತಾರೆ. ಎಲ್ಲ ನಲವತ್ತರಲ್ಲೇ ಇರುತ್ತೆ. ನಿಮ್ಮದು ಮಾತ್ರ ಬೇರೆ ಕೂತರೆ ಹುಳಿ ಹುಳಿ ಕೇಳುತ್ತೆ."

"ನಲವತ್ತೆರಡು," ಎಂದರು ಆಕೆ. ದನಿ ಏರಿಸಲಿಲ್ಲ. ಚರ್ಚೆ ಮುಗಿಯಿತು.

ನಾನು ಇನ್ನೂರಕ್ಕೂ ಮಿಕ್ಕಿದ ತಂತಿಗಳನ್ನು ಮತ್ತೆ ಬಿಗಿದೆ. ಎಳೆದ ತಂತಿ ಹಟಮಾರಿ. ಹಿಂದಿನ ಜಾಗಕ್ಕೆ ಜಾರುತ್ತದೆ, ಮತ್ತೆ ಎಳೆಯಬೇಕು. ಮನಸ್ಸಿನಲ್ಲಿ ನಾನು ಅಂದುಕೊಂಡದ್ದು ಇಷ್ಟು: ಬೇಡವೆಂದು ಬಿಟ್ಟು ಹೊರಟ ಮನೆಯ ಬಾಗಿಲಿಗೆ ಈಯಮ್ಮ ಬಣ್ಣ ಯಾಕೆ ಬಳಿಸುತ್ತಿದ್ದಾಳೆ?

ಶ್ರುತಿ ಮುಗಿದ ಮೇಲೆ ವಾದಕರು ಕೂತು ಒಂದು ನಿಧಾನದ ಹಾಡನ್ನು ನುಡಿಸಿ ನೋಡಿದರು. ನಾನು ಚೀಲ ಕಟ್ಟುತ್ತಿದ್ದವನು ಹಾಗೇ ನಿಂತೆ. ಪ್ರತಿ ಮುಖ್ಯ ಸ್ವರಕ್ಕೂ ಮುಂಚೆ ಪಕ್ಕದ ಸ್ವರವನ್ನು ಅವರ ಬೆರಳು ಇಷ್ಟೇ ಇಷ್ಟು ಸವರಿ ಬರುತ್ತಿತ್ತು. ನಮ್ಮ ಕಡೆ ಇದಕ್ಕೆ ಕಣ ಎನ್ನುತ್ತಾರೆ. ಒಳ್ಳೆಯ ಗಾಯಕರು ವರ್ಷಗಟ್ಟಲೆ ಬೆವರಿ ಸಾಧಿಸುವ ವಿದ್ಯೆ. ಪಿಯಾನೋದಲ್ಲಿ ಯಾರೂ ಹಾಗೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಧಾರವಾಡದವನ ಕಿವಿ, ತಡೆಯಲಾಗಲಿಲ್ಲ. "ವಾಹ್! ಆ ಕಣ," ಎಂದು, ಅದೇನೆಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಥ್ಯಾಂಕ್ಯೂ ಎಂದು, ಕೈಗಳನ್ನು ಜೇಬಿಗೆ ಹಾಕಿಕೊಂಡರು. ರೆಕಾರ್ಡಿಂಗ್ ಯಂತ್ರಗಳಿರುವ ಪಕ್ಕದ ಕೋಣೆಯಲ್ಲಿ, ಗಾಜಿನ ಆಚೆ ಕೂತಿದ್ದ ಹಾಡುವಾಕೆ ಎದ್ದು ಹೊರಗೆ ಹೋದರು. ಪರದೇಶದವರ ಎದುರು ನಮ್ಮ ಶಾಸ್ತ್ರದ ಘನತೆ ಎತ್ತಿಹಿಡಿದ ಸಂತೋಷದಲ್ಲಿ ನಾನು ಚಹಾ ಕುಡಿಯಲು ಹೋದೆ.

ಗಟ್ಟಿ ಪದರದಿಂದ ಶುರು ಮಾಡಿದೆವು. ವಾದಕರು ಎಡ ತುದಿಯ ಕೀ ಮೇಲೆ ನಡುಬೆರಳಿಟ್ಟು, ತೋಳಿನ ಭಾರವನ್ನೆಲ್ಲ ಒಮ್ಮೆಗೇ ಬಿಟ್ಟರು. ಸ್ವರ ಎದ್ದಿತು. ತಗ್ಗಿನ ಸ್ವರಗಳು ಸಾಯಲು ಮನಸ್ಸು ಮಾಡುವುದಿಲ್ಲ. ಮುಗಿಯಿತೆಂದು ನಾವು ತಿಳಿದ ಮೇಲೂ ಮರದೊಳಗೆಲ್ಲೋ ಉಳಿದಿರುತ್ತವೆ. ಎಲ್ಲರೂ ಕಲ್ಲಾಗಿ ಕೂತಿದ್ದೆವು. ಆಗ ಬಂತು ವಿಮಾನ. ಕೋಣೆಯ ಗೋಡೆಗೆ ಸದ್ದು ತಡೆಯುವ ಶಕ್ತಿ ಇದೆ; ಹಾಡಿನ ರೆಕಾರ್ಡಿಂಗಿಗೆ ಇದುವರೆಗೆ ಯಾರೂ ದೂರಿಲ್ಲ. ಆದರೆ ಸಾಯುವ ಸ್ವರವನ್ನು ಹಿಡಿಯಲು ಮೈಕಿನ ಕಿವಿ ಅಷ್ಟು ಹರಿತ ಮಾಡಿದಾಗ ನೆಲದ ಗುಡುಗು ಕೇಳಿಯೇ ಕೇಳುತ್ತದೆ. ಮತ್ತೊಮ್ಮೆ ಒತ್ತಿದರು. ಮತ್ತೊಂದು ವಿಮಾನ ಬಂತು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇವ್ರಿಗೆ ಹೇಳಿ ಮಾಸ್ಟ್ರೇ, ಮೂರು ಗಂಟೆಗೆ ಏರ್‌ಪೋರ್ಟಿನವ್ರು ರನ್‌ವೇ ಬದಲು ಮಾಡ್ತಾರೆ. ಆಮೇಲೆ ಸದ್ದು ಆಚೆ ಓಣಿಯವರ ತಲೆ ಮೇಲೆ."

"ನಿನ್ನ ಯಜಮಾನ್ರು ಏರ್‌ಪೋರ್ಟಿನ್ಯಾಗ ಕೆಲಸಕ್ಕ ಅದಾರಲ್ಲ, ಒಂದೀಟು ಮೊದಲೇ ಬದಲು ಮಾಡ್ಸು."

"ಅವ್ರು ಅಲ್ಲಿ ಸೂಟ್‌ಕೇಸ್ ಎತ್ತುವುದು ಮಾಸ್ಟ್ರೇ, ವಿಮಾನ ಅಲ್ಲ."

ಹೀಗೆ ನಮ್ಮ ದಿನಚರಿ ನಿರ್ಧಾರವಾಯಿತು. ಬೆಳಿಗ್ಗೆ ಶ್ರುತಿ, ಕಾಯುವುದು, ಮಧ್ಯಾಹ್ನ ಊಟ. ವಿಮಾನಗಳು ಸರಿದ ಮೇಲೆ ಸಂಜೆಯವರೆಗೆ ಒಂದೊಂದೇ ಸ್ವರ. ಗಟ್ಟಿ ಪದರ ಮುಗಿಯಿತು. ಮಧ್ಯಮ ಪದರವೂ ಹೇಗೋ ಮುಗಿಯಿತು. ಹಾಡುವಾಕೆ ದಿನವೂ ಗಾಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೂ ಸ್ವರ ಬಿಡದೆ ಕೇಳುತ್ತಿದ್ದರು. ಹಾಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ, ಬರಲೇಬೇಕೆಂದೇನೂ ಇರಲಿಲ್ಲ.

ಅಡುಗೆಮನೆಯಲ್ಲಿ ನಾನೂ ಮ್ಯಾನೇಜರೂ ಆಕೆಯ ವಿಚಾರಣೆ ನಡೆಸಿ ತೀರ್ಪನ್ನೂ ಕೊಟ್ಟಾಗಿತ್ತು.

"ಎಂತ ಹೆಂಗಸು ಮಾರಾಯ್ರೆ," ಎಂದರು ಮ್ಯಾನೇಜರ್, ಬಸಿಯುತ್ತಿದ್ದ ಕಪ್ಪುಗಳನ್ನು ಒರೆಸುತ್ತ. "ಜೀವಮಾನ ಇಡೀ ಪಕ್ಕದಲ್ಲಿ ಕೂತು ನುಡಿಸಿದ ಮನುಷ್ಯ. ಈಗ ಫ್ಯಾಷನ್ ಬದಲಾಯ್ತು ಅಂತ ಅವ್ರ ಕೈಯಲ್ಲೇ ಅವ್ರ ಸ್ವರ ಎಲ್ಲ ತೆಗೆಸಿ ಡಬ್ಬಿಗೆ ಹಾಕ್ಕೊಂಡು, ಇನ್ನು ಮನೆಗೆ ಹೋಗಿ ಅನ್ನುವುದಲ್ವಾ ಇದು?"

"ಎದುರಿಗೇ ಕೂತು ನೋಡತಾಳಲ್ಲ, ಅದಕ್ಕ ಗುಂಡಿಗಿ ಬೇಕು."

"ನಮ್ಮ ಊರಲ್ಲಿ ಆದ್ರೆ ಕನಿಷ್ಠ ಒಂದು ಶಾಲು ಹೊದಿಸ್ತಿದ್ರು."

ನಮಗಿಬ್ಬರಿಗೂ ನಮ್ಮ ನ್ಯಾಯಬುದ್ಧಿಯ ಬಗ್ಗೆ ತೃಪ್ತಿಯಾಯಿತು.

ಮೆಲ್ಲನೆಯ ಪದರಕ್ಕೆ ಬಂದಾಗ ಕೆಲಸ ನಿಂತಿತು. ಪಿಯಾನೋದಲ್ಲಿ ಗಟ್ಟಿಯಾಗಿ ಒತ್ತಲು ಭುಜ ಸಾಕು. ಮೆಲ್ಲಗೆ ಒತ್ತಲು ಬೆರಳ ತುದಿ ಬೇಕು. ವಾದಕರ ಬೆರಳು ಕೀ ಮೇಲೆ ಬಂದು ನಿಲ್ಲುತ್ತಿತ್ತು, ನಡುಗುತ್ತಿತ್ತು, ಸಟ್ಟನೆ ಬೀಳುತ್ತಿತ್ತು. ಕೆಲವೊಮ್ಮೆ ಕೀಗೆ ಜೋಡಿಸಿದ ಒಳಗಿನ ಸುತ್ತಿಗೆ ತಂತಿಗೆ ಎರಡು ಸಲ ಬಡಿಯುತ್ತಿತ್ತು. ಕೆಲವೊಮ್ಮೆ ಪಕ್ಕದ ಕೀ ಸವರಿ ಬರುತ್ತಿತ್ತು. ಮೊದಲ ದಿನ ನಾನು ವಾಹ್ ಎಂದದ್ದು ಇದಕ್ಕೇ.

ಅಂದು ಸಂಜೆಯವರೆಗೆ ನಾಲ್ಕೈದು ಸ್ವರ ಸಿಕ್ಕವು. ಪ್ರೊಡ್ಯೂಸರ್ ತಾಳ್ಮೆಗೆಡಲಿಲ್ಲ, ಅದು ಅವನ ದೊಡ್ಡತನ. "ಸದ್ದು ಹೆಚ್ಚು ಕಡಿಮೆ ಆಗಿದ್ದನ್ನ ನಾನು ಕಂಪ್ಯೂಟರಲ್ಲಿ ಸರಿ ಮಾಡ್ತೀನಿ," ಎಂದ. "ಆದರೆ ಜೋರಾಗಿ ಹೊಡೆದ ಸ್ವರದ ಗುಣವೇ ಬೇರೆ. ಚೂಪು ಇರುತ್ತೆ. ಆ ಚೂಪು ತೆಗೆಯೋಕೆ ಬರೋದಿಲ್ಲ." ಆದರೂ ಪ್ರಯತ್ನಪಟ್ಟ. ಗಟ್ಟಿ ಸ್ವರಗಳನ್ನೇ ತಗ್ಗಿಸಿ, ಮೇಲಿನ ಹೊಳಪು ಕತ್ತರಿಸಿ ನಮಗೆಲ್ಲ ಕೇಳಿಸಿದ. ಕಂಬಳಿ ಹೊದ್ದುಕೊಂಡು ಕಿರುಚುವ ಮನುಷ್ಯನಂತೆ ಕೇಳಿತು. ಹಾಡುವಾಕೆ ಬೇಡವೆಂದು ತಲೆಯಾಡಿಸಿದರು.

ಮರುದಿನ ವಿಮಾನಗಳ ಹೊತ್ತು ಮುಗಿಯಲೆಂದು ಕಾಯುತ್ತ, ನಾನು ವಾದಕರಿಗೆ ನನ್ನ ಡಬ್ಬಿಯ ಚಪಾತಿ, ಶೇಂಗಾ ಚಟ್ನಿಪುಡಿ ಕೊಟ್ಟೆ. ಅವರು ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದು ಕುಡಿದರು. ಅದು ಜಪಾನಿನ ಸಂಪ್ರದಾಯವಿರಬೇಕೆಂದು ನಾನು ಅಷ್ಟು ದಿನ ತಿಳಿದಿದ್ದೆ.

"ವೈದ್ಯರು ಇದಕ್ಕೊಂದು ಉದ್ದನೆಯ ಹೆಸರು ಹೇಳಿದ್ದಾರೆ," ಎಂದರು, ನಾನು ಕೇಳದಿದ್ದರೂ. "ಮೊದಲು ಬಲಗೈ. ಈಗ ಎಡಗೈಗೂ ವಿಷಯ ತಿಳಿದಿದೆ."

ಆ ದಿನದ ನನ್ನ ಹೊಗಳಿಕೆಗೆ ಕ್ಷಮೆ ಕೇಳಲು ಹೋದೆ.

"ಬೇಡ. ಈ ನಡುಕವನ್ನು ಹೊಗಳಿದವರು ಬೇರೆ ಯಾರೂ ಇಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ." ಅವರು ಚಟ್ನಿಪುಡಿಯನ್ನು ಇನ್ನಷ್ಟು ಹಾಕಿಕೊಂಡರು, ಅರ್ಧ ಮೇಜಿನ ಮೇಲೆ ಬಿತ್ತು. "ಈಕೆ ಯಾಕೆ ಕುಣಿಯುವ ಹಾಡಿಗೆ ಹೋದಳು ಅಂತ ಅಲ್ಲಿ ಎಲ್ಲರೂ ಕೇಳುತ್ತಾರೆ. ಪತ್ರಿಕೆಯವರು, ಅಭಿಮಾನಿಗಳು. ನೀವೂ ಕೇಳಿರಬೇಕು."

"ಅಡುಗೆಮನೆಯಲ್ಲಿ," ಎಂದೆ.

"ಹಳೆಯ ರೀತಿಯ ಹಾಡಿಗೆ ಪಕ್ಕದಲ್ಲಿ ಪಿಯಾನೋ ಮುಂದೆ ಒಬ್ಬ ಕೂರಬೇಕು. ನಾನು ಕೂರಲಾರೆ. ನನ್ನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸುವುದು ಅವಳಿಗೆ ಬೇಡ. ಕುಣಿಯುವ ಹಾಡಿನಲ್ಲಿ ಯಾರೂ ಕೂರಬೇಕಾಗಿಲ್ಲ, ಒಂದೊಂದೇ ಸ್ವರ ಕೊಟ್ಟರೆ ಸಾಕು ಅಂತ ಯಾರೋ ಅವಳಿಗೆ ಹೇಳಿದರು."

"ಆಕೆಯೇ ನಿಮಗೆ ಹೀಗಂದರೇ?"

"ಇಲ್ಲ. ನಿಧಾನದ ಹಾಡು ಹಾಡಿ ಬೇಸರ ಬಂದಿದೆ ಎಂದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. ಹಾಡಲು ಬರುತ್ತದೆ." ಕಪ್ಪನ್ನು ಎರಡೂ ಕೈಯಿಂದ ಕೆಳಗಿಟ್ಟು, "ಎರಡು ಪದರ ಕೊಟ್ಟೆ. ಮೂರನೆಯದು ಕೊಡದಿದ್ದರೆ ಅವಳು ಮಾಡಿದ್ದೆಲ್ಲ ವ್ಯರ್ಥ," ಎಂದರು.

ವಿಮಾನಗಳು ಸರಿದವು. ಒಳಗೆ ಹೋದೆವು. ಒಂದು ಗಂಟೆಯ ಪ್ರಯತ್ನಕ್ಕೆ ಒಂದೂ ಸ್ವರ ಸಿಗಲಿಲ್ಲ. ಪ್ರೊಡ್ಯೂಸರ್ ಒಳಗೆ ಬಂದು ನನ್ನ ಭುಜ ಮುಟ್ಟಿದ. "ನೀವು ಒತ್ತಿಬಿಡಿ. ದಿನಾ ಒತ್ತೋರು ನೀವು. ಒಂದೇ ಸಮ ಒತ್ತೋದು ನಿಮ್ಮ ಕಸುಬು."

ಅದು ನಿಜ. ಶ್ರುತಿ ಮಾಡುವವನ ಬೆರಳಿಗೆ ರಾಗವಿಲ್ಲದಿದ್ದರೂ ಒಂದು ಕೀ ಒತ್ತಿದಷ್ಟೇ ಸಮವಾಗಿ ಮುಂದಿನದನ್ನೂ ಒತ್ತುತ್ತದೆ. ವಾದಕರು ಎದ್ದು, ಸ್ಟೂಲಿನ ಮೇಲೆ ಬಿದ್ದಿದ್ದ ಚಪಾತಿಯ ಪುಡಿಯನ್ನು ಒರೆಸಿ, ನನಗೆ ಕೈ ತೋರಿಸಿದರು. ನಾನು ಕೂತೆ. ಒತ್ತಿದೆ. ಸ್ವರ ಮೆಲ್ಲಗೆ ಎದ್ದು, ಮೆಲ್ಲಗೆ ನಿಂತು, ಅತ್ಯಂತ ಸರಿಯಾಗಿ ಸತ್ತಿತು. ತಲೆಯೆತ್ತಿ ಗಾಜಿನ ಕಡೆ ನೋಡಿದೆ. ಪ್ರೊಡ್ಯೂಸರ್ ಹೆಬ್ಬೆರಳು ತೋರಿಸುತ್ತಿದ್ದ. ಹಾಡುವಾಕೆ ಮುಖ ಗೋಡೆಯ ಕಡೆ ತಿರುಗಿಸಿ ನಿಂತಿದ್ದರು. ವಾದಕರು ಮೂಲೆಯ ಕುರ್ಚಿಯಲ್ಲಿ ಕೈಗಳನ್ನು ಜೇಬಿಗೆ ಹಾಕಿ, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದರು.

ನಾನು ಎದ್ದುಬಿಟ್ಟೆ. ಬೆನ್ನುನೋವು ಎಂದು ಹೇಳಿದೆ. ಐದು ನಿಮಿಷ ಕೊಡಿ ಎಂದು ಅಡುಗೆಮನೆಗೆ ಹೋದೆ.

ಇಲ್ಲೊಂದು ವಿಷಯ ಹೇಳಬೇಕು. ಆ ಪಿಯಾನೋ ಅಷ್ಟರಲ್ಲಿ ಸ್ಟುಡಿಯೋದ್ದಾಗಿ ಉಳಿದಿರಲಿಲ್ಲ. ಮಾಲೀಕರು ಆ ದೊಡ್ಡ ಕೋಣೆಯನ್ನು ಒಡೆದು ಎರಡು ಕಂಪ್ಯೂಟರ್ ಕೋಣೆ ಮಾಡುವವರಿದ್ದರು. ಪಿಯಾನೋವನ್ನು ಮ್ಯಾನೇಜರಿಗೆ ಕೊಟ್ಟಾಗಿತ್ತು. ಅವರು ಅದನ್ನು ತಮ್ಮ ಚರ್ಚಿನ ಹಾಲ್‌ಗೆ ಮಾತು ಕೊಟ್ಟಿದ್ದರು. ಊರಿನ ಕಡೆಯ ಕುಟುಂಬಗಳ ಕೊಂಕಣಿ ಗಾಯನ ತಂಡ, ಅವರ ಕಾಯರ್, ಒಂದು ಹಳೆಯ ಕೀಬೋರ್ಡ್ ಇಟ್ಟುಕೊಂಡು ನಡೆಯುತ್ತಿತ್ತು. ಆ ಕ್ರಿಸ್ಮಸಿಗೆ ನಿಜವಾದ ಪಿಯಾನೋ ಬರುತ್ತದೆಂದು ಎಲ್ಲರಿಗೂ ತಿಳಿಸಿಯಾಗಿತ್ತು. ತಗ್ಗು ಛಾವಣಿಯ, ಕಾರ್ಪೆಟ್ ಹಾಸಿದ ಹಾಲ್. ಸದ್ದು ನುಂಗುವ ಜಾಗ. ಅಲ್ಲಿಗೆ ಹೊಳೆಯುವ ದನಿಯ ಪಿಯಾನೋವೇ ಬೇಕು. ಇದು ಹಾಗಿತ್ತು.

"ತಂಗೀ, ನಿನ್ನ ಪಿಯಾನೋಕ್ಕ ಸೂಜಿ ಚುಚ್ಚಬೇಕಾಗೇದ."

"ಎಂತಕ್ಕೆ?"

ವಾದಕರ ಕೈ ವಿಷಯ ಹೇಳಿದೆ. ಹಾಡುವಾಕೆಯ ವಿಷಯವನ್ನೂ ಹೇಳಿದೆ. ಅವರು ಕಪ್ಪು ಒರೆಸುವುದನ್ನು ನಿಲ್ಲಿಸಿದರು. ಸುತ್ತಿಗೆಗಳ ತುದಿಯಲ್ಲಿರುವುದು ಗಟ್ಟಿಯಾಗಿ ಒತ್ತಿದ ಉಣ್ಣೆಯ ಫೆಲ್ಟ್. ಅದಕ್ಕೆ ಸೂಜಿಯಿಂದ ಚುಚ್ಚಿ ಚುಚ್ಚಿ ಸಡಿಲ ಮಾಡಿದರೆ ಎಷ್ಟು ಜೋರಾಗಿ ಬಡಿದರೂ ಸ್ವರ ಮೆತ್ತಗೇ ಬರುತ್ತದೆ. ಆಗ ಅವರ ಕೈ ಹೇಗೆ ಬಿದ್ದರೂ ಚೂಪು ಇರುವುದಿಲ್ಲ, ಸದ್ದಿನ ಏರಿಳಿತವನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ ಎಂದೆ.

"ಮತ್ತೆ ಮೊದಲಿನ ಹಾಗೆ ಆಗ್ತದಾ?"

"ಇಲ್ಲವ್ವಾ. ಗಟ್ಟಿ ಮಾಡೂ ಔಷಧ ಅದ, ಆದರ ಅದು ಬ್ಯಾರೇನ ಪಿಯಾನೋ ಆಗತದ."

"ಕ್ರಿಸ್ಮಸಿಗೆ ಹಾಲ್‌ನಲ್ಲಿ ಎಲ್ಲಿವರೆಗೆ ಕೇಳ್ಬಹುದು?"

"ಮೂರನೇ ಸಾಲು."

ಅವರು ಕಿಟಕಿಯ ಆಚೆ ಏನೋ ನೋಡುವವರಂತೆ ನಿಂತರು. ಆಚೆ ಇದ್ದದ್ದು ಟಯರ್ ಅಂಗಡಿಯ ಗೋಡೆ. "ಹಿಂದೆ ಕೂರುವವರು ಹೇಗೂ ಮಾತಾಡ್ಲಿಕ್ಕೇ ಬರುವುದು ಮಾಸ್ಟ್ರೇ," ಎಂದರು. "ಚುಚ್ಚಿ."

ಪಿಯಾನೋದ ಕೀ, ಸುತ್ತಿಗೆ ಎಲ್ಲ ಒಂದೇ ಚೌಕಟ್ಟಿನಲ್ಲಿರುತ್ತವೆ. ತಿರುಪು ಬಿಚ್ಚಿದರೆ ಮೇಜಿನ ಡ್ರಾಯರಿನ ಹಾಗೆ ಹೊರಗೆ ಬರುತ್ತದೆ. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಮರದ ಹಿಡಿಗೆ ಮೂರು ಸೂಜಿ ಸಿಕ್ಕಿಸಿದ ಸಲಕರಣೆ ನನ್ನದು. ಸಾಮಾನ್ಯವಾಗಿ ಫೆಲ್ಟಿನ ಭುಜಕ್ಕೆ ಎರಡು ಮೂರು ಸಲ ಚುಚ್ಚಿ ಬಿಡುತ್ತೇವೆ. ತಂತಿಗೆ ತಾಗುವ ನೆತ್ತಿಯನ್ನು ಮುಟ್ಟಬಾರದೆಂಬುದು ಈ ವೃತ್ತಿಯ ಮೊದಲ ಪಾಠ. ನಾನು ನೆತ್ತಿಗೇ ಚುಚ್ಚಿದೆ. ಒಂದೊಂದು ಸುತ್ತಿಗೆಗೂ ಸಾಕೆನ್ನಿಸುವಷ್ಟು, ಆಮೇಲೆ ಇನ್ನಷ್ಟು. ಒಳ್ಳೆಯ ಫೆಲ್ಟು ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಜಗ್ಗಬೇಕು. ವಾದಕರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಪೂರ್ತಿ ನೋಡಿದರು. ಏನು ಮಾಡುತ್ತಿದ್ದೇನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ.

"ಯಾರ ಪಿಯಾನೋ ಇದು?" ಎಂದಷ್ಟೇ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರನ್ನು ತೋರಿಸಿದೆ. ವಾದಕರು ಆಕೆಗೆ ಗೌರವ ತೋರಿಸಿ ಎದ್ದು ನಿಂತರು. ಮ್ಯಾನೇಜರ್ ಗಾಬರಿಯಾಗಿ, ಟೀ ತರ್ತೇನೆ ಎಂದು ಓಡಿದರು.

ಚೌಕಟ್ಟನ್ನು ಒಳಗೆ ತಳ್ಳಿ, ಶ್ರುತಿ ಸರಿಮಾಡಿ, ಸ್ಟೂಲು ಬಿಟ್ಟುಕೊಟ್ಟೆ. ಅವರ ಬೆರಳು ನಡುಗಿತು, ಬಿತ್ತು. ಸ್ವರ ಮೆತ್ತಗೆ ಎದ್ದಿತು. ಚೂಪಿರಲಿಲ್ಲ. ಗಾಜಿನ ಹಿಂದೆ ಪ್ರೊಡ್ಯೂಸರನ ಮೊಣಕಾಲು ನಿಂತುಹೋಯಿತು. ಅವನು ಮೊದಲ ಸಲ ನಿಜವಾಗಿ ಕೇಳುತ್ತಿದ್ದ. ಎರಡು ಸಲ ಬಡಿದದ್ದನ್ನು, ಪಕ್ಕದ ಕೀ ಸವರಿದ್ದನ್ನು ಮತ್ತೆ ಮತ್ತೆ ತೆಗೆದುಕೊಳ್ಳಬೇಕಾಯಿತು. ಒಂದು ಸ್ವರಕ್ಕೆ ಹತ್ತಾರು ಬಾರಿ. ಅವರ ಬೆನ್ನು ಒದ್ದೆಯಾಯಿತು, ಕೋಟು ತೆಗೆಯಲಿಲ್ಲ. ವಾರದ ಕೊನೆಗೆ ಬಲ ತುದಿಯ ಕೊನೆಯ ಕೀ ಮುಟ್ಟಿದರು. ಮ್ಯಾನೇಜರ್ ತಮ್ಮ ಮನೆಯಿಂದ ಕೇಕ್ ತಂದಿದ್ದರು.

ಅವರು ಹೊರಡುವ ದಿನ ಬೆಳಿಗ್ಗೆ ಪ್ರೊಡ್ಯೂಸರ್ ಎಲ್ಲವನ್ನೂ ಮತ್ತೊಮ್ಮೆ ಕೇಳುತ್ತ ಕೂತವನು ನನ್ನನ್ನು ಕರೆದ. ಮೆಲ್ಲನೆಯ ಪದರದಲ್ಲಿ, ಸರಿಯಾಗಿ ನಡುಭಾಗದ ಒಂದು ಕಪ್ಪು ಕೀ. ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ನಾಲ್ಕು, ಅಂದರೆ ಸಪ್ತಕದ ನಾಲ್ಕನೆಯ ಕಪ್ಪು ಕೀ. ಅದರಲ್ಲಿ ಸುತ್ತಿಗೆ ಎರಡು ಸಲ ಬಡಿದಿತ್ತು. ಹೇಗೋ ನಮ್ಮೆಲ್ಲರ ಕಿವಿ ತಪ್ಪಿಸಿಕೊಂಡಿತ್ತು.

ಗಾಳಿ ಆ ದಿನ ತಿರುಗಿತ್ತು. ಪೂರ್ವದ ಗಾಳಿ ಬೀಸಿದರೆ ವಿಮಾನಗಳು ನಮ್ಮ ಕಡೆಯಿಂದ ಇಳಿಯುವುದಿಲ್ಲ, ನಮ್ಮ ಕಡೆಗೇ ಏರುತ್ತವೆ. ಅದು ಇನ್ನೂ ದೊಡ್ಡ ಸದ್ದು, ರನ್‌ವೇ ಲೆಕ್ಕವೂ ನಡೆಯುವುದಿಲ್ಲ. ಎರಡು ವಿಮಾನಗಳ ನಡುವಿನ ಸಂದಿಯಲ್ಲಿ ಹಿಡಿಯಬೇಕು. ವಾದಕರು ಕೂತರು. ಕೈ ಎತ್ತಿದರು. ಆ ದಿನ ಅದು ಯಾರ ಮಾತನ್ನೂ ಕೇಳಲಿಲ್ಲ. ಪಕ್ಕದ ಎರಡು ಬಿಳಿ ಕೀಗಳ ಮೇಲೂ ಬಿತ್ತು. ಎಡಗೈಯಿಂದ ಬಲಗೈ ಹಿಡಿದು ಒತ್ತಿ ನೋಡಿದರು. ಸರಿಯಾಗಿ ಬಿದ್ದ ಒಂದೇ ಸಲ ಮೇಲೆ ವಿಮಾನ ಏರಿತು. ಟ್ಯಾಕ್ಸಿ ಬಂದು ಹೊರಗೆ ನಿಂತಿತ್ತು.

ಕೊನೆಗೆ ಅವರು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಕೀಯನ್ನೇ ನೋಡುತ್ತ ಕೂತರು.

ಪ್ರೊಡ್ಯೂಸರ್ ನನ್ನ ಕಿವಿಯಲ್ಲಿ ಹೇಳಿದ, "ಪಕ್ಕದ ಸ್ವರವನ್ನ ಒಂಚೂರು ಎಳೆದು ಇದಕ್ಕೂ ಹೊಂದಿಸಬಹುದು. ಇಲ್ಲ, ಇದೊಂದನ್ನ ನೀವೇ ಒತ್ತಿ. ಎಂಬತ್ತೆಂಟರಲ್ಲಿ ಒಂದು. ಯಾರಿಗೆ ಗೊತ್ತಾಗುತ್ತೆ?"

ಹಾಡುವಾಕೆ ಅಷ್ಟರಲ್ಲಿ ಗಾಜಿನ ಆ ಕಡೆಯಿಂದ ಒಳಗೆ ಬಂದಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಯೋಚಿಸುವಷ್ಟರಲ್ಲಿ, "ಎರಡೂ ಬೇಡ," ಎಂದರು. ವಾದಕರ ಕೋಟಿನ ಕಾಲರ್ ಸರಿಮಾಡಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ವಾದಕರು ನಕ್ಕರು. ಏನು ಹೇಳಿದರೆಂದು ನನಗೆ ತಿಳಿಯದು. ಕೇಳುವ ಜಾಗವೂ ಅದಲ್ಲ.

ಟ್ಯಾಕ್ಸಿಯ ಬಾಗಿಲಲ್ಲಿ ವಾದಕರು ನನ್ನ ಕಡೆ ತಿರುಗಿದರು. "ಕಣ," ಎಂದರು, ಬಹಳ ಸ್ಪಷ್ಟವಾಗಿ. "ಸರಿಯಾಗಿ ಹೇಳಿದೆನೇ?"

"ಸರಿಯಾಗಿ ಹೇಳಿದಿರಿ," ಎಂದೆ.

ಮುಂದಿನದು ಸ್ವಲ್ಪವೇ. ಆಲ್ಬಂ ಬಂತು. ಜಪಾನಿನ ಪತ್ರಿಕೆಗಳಲ್ಲಿ ಆಕೆ ವಯಸ್ಸು ಮರೆತು ಡ್ಯಾನ್ಸಿಗೆ ಇಳಿದರೆಂದೂ, ಜೀವಮಾನದ ಜೊತೆಗಾರನನ್ನು ಕೈಬಿಟ್ಟು ಕಂಪ್ಯೂಟರ್ ಕಟ್ಟಿಕೊಂಡರೆಂದೂ ಬರೆದರಂತೆ. ಪ್ರೊಡ್ಯೂಸರ್ ಫೋನಿನಲ್ಲಿ ಹೇಳಿದ. ಆಕೆ ಯಾವುದಕ್ಕೂ ಉತ್ತರ ಕೊಡಲಿಲ್ಲ. ವಾದಕರ ಕೈ ಈಗ ಚಮಚವನ್ನೂ ಹಿಡಿಯುವುದಿಲ್ಲವೆಂದೂ ಅವನೇ ಹೇಳಿದ. ಮತ್ತೆ ತನ್ನದೊಂದು ದೂರು ಹೇಳಿಕೊಂಡ. ಕೊನೆಯ ಹಾಡಿನಲ್ಲಿ ತಾಳ ನಿಂತು, ಪಿಯಾನೋ ಒಂದೇ ಮೆಲ್ಲಗೆ ಉಳಿಯುತ್ತದೆ. ಧಾಟಿಯನ್ನು ಆಕೆ ಮೊದಲೇ ಬರೆದು ತಂದಿದ್ದರು, ಚೆನ್ನಾಗಿತ್ತು. ಲಂಡನ್ನಿನಿಂದ ಹೋದ ಮೇಲೆ ಅದನ್ನು ಪೂರ್ತಿ ಬದಲಿಸಿ ಕಳಿಸಿದರು, ಸ್ವಲ್ಪ ಕುಂಟುತ್ತದೆ, ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ ಎಂದ.

ಪಿಯಾನೋ ಚರ್ಚಿನ ಹಾಲ್‌ಗೆ ಹೋಯಿತು. ಕ್ರಿಸ್ಮಸಿನಲ್ಲಿ ಅದು ಎರಡನೇ ಸಾಲಿನವರೆಗೆ ಕೇಳಿತು. ನನ್ನ ಲೆಕ್ಕ ಒಂದು ಸಾಲು ತಪ್ಪಿತ್ತು. ಪಿಯಾನೋಗೆ ಶೀತ ಆಗಿದೆಯಾ ಎಂದು ಕಾಯರಿನ ಹಿರಿಯರೊಬ್ಬರು ಕೇಳಿದಾಗ ಮ್ಯಾನೇಜರ್, ಹೌದು, ಹೌನ್ಸ್ಲೋದ ಹವೆ ಆಗುವುದಿಲ್ಲ ಎಂದರಂತೆ.

ಕಳೆದ ತಿಂಗಳು ಅದನ್ನು ಶ್ರುತಿ ಮಾಡಲು ಹೋಗಿದ್ದೆ. ಚರ್ಚಿನವರಿಗೆ ನಾನೂರ ನಲವತ್ತು ಬೇಕು, ಇಳಿಸಿದೆ. ಹೊರಡುವ ಮೊದಲು ಮ್ಯಾನೇಜರ್ ತಮ್ಮ ಫೋನಿನಲ್ಲಿ ಆ ಕೊನೆಯ ಹಾಡು ಹಾಕಿದರು. ನಾನು ನಿಲ್ಲಿಸಿ ನಿಲ್ಲಿಸಿ ಕೇಳುತ್ತ, ಬರುವ ಸ್ವರಗಳನ್ನೆಲ್ಲ ಅದೇ ಪಿಯಾನೋದ ಮೇಲೆ ಒಂದೊಂದಾಗಿ ಒತ್ತಿ ನೋಡಿದೆ. ಕೊನೆಯವರೆಗೂ ನೋಡಿದೆ. ಆ ಹಾಡಿನಲ್ಲಿ ನಡುವಿನ ಆ ಕಪ್ಪು ಕೀ, ಕರಿ ನಾಲ್ಕು, ಎಲ್ಲೂ ಬರುವುದಿಲ್ಲ.